ನೀರಿಲ್ಲದ ದಿನದ ಬಾಂಗ್

ಫಳ್ನೀರ್, ಮಂಗಳೂರು
9 ಮೇ 2024, ಗುರುವಾರ

ಪ್ರೀತಿಯ ಮಗ ಶಾಹುಲ್,

ಅಸ್ಸಲಾಮು ಅಲೈಕುಂ. ಈ ಕಾಗದಕ್ಕಿಂತ ಮೊದಲು ನಿನ್ನ ಉಮ್ಮನ ದುಆ ಸೌದಿಯ ಜುಬೈಲ್ ಮುಟ್ಟಿರಲಿ. ನಿನ್ನ ಸೊಂಟನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟ್ ಕಟ್ಟುತ್ತಿದ್ದೀಯೋ, ಮಂಚದ ಕೆಳಗೆ ಎಸೆದಿದ್ದೀಯೋ? ಅಲ್ಲಿ ಬಿಸಿಲು ಏರುವ ಕಾಲ, ಹೊರಗೆ ನಿಂತು ಕೆಲಸ ಮಾಡಿಸುವಾಗ ತಲೆಗೆ ಒದ್ದೆ ಬಟ್ಟೆ ಇಟ್ಟುಕೋ. ದಿನಾ ಕುಬ್ಬೂಸ್ ರೊಟ್ಟಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಇಲ್ಲಿ ನನಗೆ ಸೌಖ್ಯ. ಸಕ್ಕರೆ ಹತೋಟಿಯಲ್ಲಿದೆ, ಸೆಖೆಗೆ ಕಾಲು ಸ್ವಲ್ಪ ಊದುತ್ತದೆ, ಅದು ಹೇಳಿಕೊಳ್ಳುವ ಕಾಯಿಲೆಯಲ್ಲ. ನಿನ್ನ ಹೆಂಡತಿ ಶಬ್ನಮ್ ಚೆನ್ನಾಗಿದ್ದಾಳೆ. ನಿನ್ನ ಗೆಳೆಯ ತಮೀಮ್ ಶನಿವಾರ ಹೊರಡುತ್ತಾನಂತೆ. ಅವನ ಕೈಯಲ್ಲಿ ಒಣ ಸಿಗಡಿ ಚಟ್ನಿ, ಮಾವಿನ ಉಪ್ಪಿನಕಾಯಿ ಮತ್ತು ಈ ಕಾಗದ ಕಳುಹಿಸುತ್ತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು “ಹಾಂ ಉಮ್ಮಾ, ಹಾಂ ಉಮ್ಮಾ” ಎನ್ನುತ್ತೀ, ಅಷ್ಟರಲ್ಲಿ ಯಾರೋ ಕರೆಯುತ್ತಾರೆ, ಕಟ್ ಆಗುತ್ತದೆ. ವಾಯ್ಸ್ ಮೆಸೇಜ್ ಹಾಕಿದರೆ ಎರಡು ಪಟ್ಟು ವೇಗದಲ್ಲಿ ಕೇಳುತ್ತೀಯಂತೆ, ಶಬ್ನಮ್ ಹೇಳಿದಳು. ಉಮ್ಮನ ಮಾತನ್ನು ಓಡಿಸಿಕೊಂಡು ಕೇಳುವ ಮಗನಿಗೆ ಕಾಗದವೇ ಸರಿ. ಇದನ್ನು ಓಡಿಸಲು ಆಗುವುದಿಲ್ಲ. ಕುಳಿತು ಓದು.

ರಂಜಾನಿನ ಪೆರ್ನಾಲ್ ಹಬ್ಬ ಮುಗಿದ ವಾರ ನೀನು ಫೋನಿನಲ್ಲಿ ಹೇಳಿದ್ದು ಇಷ್ಟು. ಶಬ್ನಮಳ ವೀಸಾ ಆಗಿದೆ. ಯಾಹ್ಯಾನಿಗೆ ಆಗುವುದಿಲ್ಲ, ಸರಕಾರದ ಲೆಕ್ಕದಲ್ಲಿ ಅವನು ನಮ್ಮ ಮಗನಲ್ಲ, ಸಾಕಲು ತಂದ ಮಗು. ಆದ್ದರಿಂದ ಜೂನ್ ಬರುವ ಮೊದಲು ಅವನನ್ನು ಊರ ಹೊರಗಿನ ಆ ವಿಶೇಷ ಮಕ್ಕಳ ಹಾಸ್ಟೆಲಿಗೆ ಸೇರಿಸಿ, ನಿನ್ನ ಹೆಂಡತಿಯನ್ನು ವಿಮಾನ ಹತ್ತಿಸಬೇಕು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದೆ. “ಮಸೀದಿಯ ಬಾಂಗ್ ಕೇಳಿದರೆ ಕಿರುಚುವ ಮಗುವನ್ನು ನಮ್ಮಂಥ ಮನೆಯಲ್ಲಿ ಹೇಗೆ ಇಟ್ಟುಕೊಳ್ಳುವುದು ಉಮ್ಮಾ? ಜನ ಎಂತ ಹೇಳ್ತಾರೆ?” ಅಂದು ನಾನು “ನೋಡುತ್ತೇನೆ” ಎಂದಷ್ಟೇ ಹೇಳಿ ಫೋನ್ ಇಟ್ಟೆ. ನೋಡುತ್ತೇನೆ ಎಂದರೆ ನಾನು ನೋಡುವವಳೇ. ನೋಡಿದೆ. ನೋಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಯಾಕೆಂದರೆ ನೀನು ಮರೆತವನ ಹಾಗೆ ಮಾತಾಡಿದ್ದೀ. ಮದುವೆಯಾಗಿ ವರ್ಷಗಳಾದರೂ ನಿಮಗೆ ಮಕ್ಕಳಾಗಲಿಲ್ಲ. ನಾನು ಅದಕ್ಕಾಗಿ ಶಬ್ನಮಳಿಗೆ ಒಂದು ಮಾತು ಆಡಲಿಲ್ಲ, ಆಡಲು ಬಂದ ನೆಂಟರನ್ನು ಬಾಗಿಲಿನಿಂದಲೇ ಕಳುಹಿಸಿದೆ. ದಿಕ್ಕಿಲ್ಲದ ಯತೀಮ್ ಮಗುವೊಂದನ್ನು ಸಾಕುತ್ತೇವೆ ಎಂದದ್ದು ನೀನು. ಮಕ್ಕಳ ಸಮಿತಿಯ ಆಫೀಸಿಗೆ ಅಲೆದವನು ನೀನು. ಆಗ ಅವನಿಗೆ ಆರು ವರ್ಷ, ಮೈಯಲ್ಲಿ ಮೂರು ವರ್ಷದ ಮಗುವಿನ ಮಾಂಸವೂ ಇರಲಿಲ್ಲ. ತಾಯಿ ಸತ್ತ ಮೇಲೆ ಯಾರದೋ ಮನೆಯಲ್ಲಿ ಬಿಟ್ಟಿದ್ದರು, ಅಲ್ಲಿ ಅವನನ್ನು ಹೊಡೆಯುವುದು ನೋಡಲಾಗದೆ ಪಕ್ಕದವರು ದೂರು ಕೊಟ್ಟರು, ಅಷ್ಟೇ ನಮಗೆ ತಿಳಿದದ್ದು. ಮಾತು ಇಲ್ಲ, ಮುಖ ನೋಡುವುದಿಲ್ಲ, ಆಟಿಸಂ ಇದೆ, ಬುದ್ಧಿ ನಿಧಾನ ಎಂದು ಡಾಕ್ಟರು ನಿಮ್ಮಿಬ್ಬರ ಎದುರೇ ಹೇಳಿದರು. “ಅಲ್ಲಾಹು ಕೊಟ್ಟದ್ದನ್ನು ಆರಿಸಿ ತೆಗೆದುಕೊಳ್ಳಲು ಇದು ಮೀನಿನ ಮಾರ್ಕೆಟಾ?” ಎಂದು ಆಗ ಕೇಳಿದವನು ಯಾರು? ನಾನಲ್ಲ. ನನಗೆ ಆ ದಿನ ನಿನ್ನ ಬಗ್ಗೆ ಬಂದ ಹೆಮ್ಮೆ ಬೇರೆ ಯಾವತ್ತೂ ಬಂದಿರಲಿಲ್ಲ. ನೀನು ಕಾರು ತೆಗೆದ ದಿನವೂ ಬಂದಿರಲಿಲ್ಲ.

ಇನ್ನು ಬಾಂಗಿನ ವಿಷಯ. ಅವನು ಬಂದ ದಿನದಿಂದ ಬಾಂಗ್ ಆದ ಕೂಡಲೇ ಕಿವಿ ಮುಚ್ಚಿ ಕಿರುಚಿ ಊಟದ ಮೇಜಿನ ಕೆಳಗೆ ಹೋಗುತ್ತಿದ್ದದ್ದು ನಿಜ. ಐದು ಹೊತ್ತೂ. ನನ್ನ ಅಣ್ಣ, ನಿನ್ನ ಮೊಯ್ದೀನಬ್ಬ ಮಾಮ, ಕೆಳಗಿನ ಮನೆಯಿಂದ ಉಸಿರು ಬಿಡುತ್ತ ಹತ್ತಿ ಬಂದು, “ಬಾಂಗ್ ಕೇಳಿ ಓಡುವವನು ಶೈತಾನ್ ಅಂತ ನಾನು ಹೇಳ್ಬೇಕಾ ಸುಹರಾ? ಹುಡುಗನ ಒಳಗೆ ಎಂತದೋ ಉಂಟು” ಎಂದು ಶುರು ಮಾಡಿದರು. ಓದಿ ಊದಿದ ನೂಲು ತಂದು ಅವನ ಕೈಗೆ ಕಟ್ಟಿದರು, ಓದಿ ಊದಿದ ನೀರು ತಂದರು. ನೀರಿನ ಬಾಟಲಿ ಕಂಡದ್ದೇ ಹುಡುಗ ಗೋಡೆಗೆ ಅಂಟಿಕೊಂಡ. “ಕಂಡಿಯಾ? ಓದಿದ ನೀರಿಗೆ ಹೆದರ್ತಾನೆ!” ಎಂದು ಅವರಿಗೆ ಇನ್ನೂ ಖಾತ್ರಿಯಾಯಿತು. ರಂಜಾನ್ ನೋಂಬಿನ ತಿಂಗಳಲ್ಲಿ ನನಗೆ ಹೇಳದೆ ಮಸೀದಿಗೆ ಕರೆದುಕೊಂಡು ಹೋದರು. ಸಂಜೆಯ ಮಗ್ರಿಬಿನ ಹೊತ್ತು, ಹೌಳಿನ ಸುತ್ತ ಜನ ಕುಳಿತು ತೊಟ್ಟಿಯ ನೀರು ಮೊಗೆದು ಕೈಕಾಲು ತೊಳೆಯುತ್ತಿದ್ದಾರೆ, ಇವನ ಕಿರುಚಾಟಕ್ಕೆ ನೋಂಬು ಬಿಡುವವರ ಕೈಯ ಖರ್ಜೂರ ಕೈಯಲ್ಲೇ ನಿಂತಿತಂತೆ. ಅಣ್ಣ ಹರಿದ ಕಿಸೆಯ ಅಂಗಿಯಲ್ಲಿ ಹಿಂದೆ ಬಂದರು. ಆ ಕತೆಯನ್ನು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದವರೂ ಅವರೇ. ನಿನಗೆ ತಲುಪಿದ್ದು ಅದೇ ಕತೆ. ಕುಟುಂಬವಿಡೀ ನಂಬಿತು. ನಮ್ಮಂಥ ಮನೆಯವರಿಗೆ ಬಾಂಗಿನ ಹೊತ್ತಿಗೆ ಬಾಂಗ್ ಬಿಟ್ಟು ಬೇರೇನೂ ಕೇಳುವುದಿಲ್ಲ, ಅದಕ್ಕೇ ಹೀಗಾಯಿತು.

ನೀನು ಫೋನ್ ಮಾಡಿದ ಮರುದಿನ ನಮ್ಮ ಕಟ್ಟಡದ ಪಂಪ್ ಸುಟ್ಟುಹೋಯಿತು. ಮೇಲಿನ ಟ್ಯಾಂಕ್ ಖಾಲಿ. ಟ್ಯಾಂಕರ್ ಬರುತ್ತದೆ ಬರುತ್ತದೆ ಎಂದು ಸೆಕ್ರೆಟರಿ ರುಡೊಲ್ಫ್ ಮೆಟ್ಟಿಲು ಹತ್ತಿ ಇಳಿದು ಹೇಳುತ್ತಿದ್ದರೇ ಹೊರತು ಟ್ಯಾಂಕರ್ ಬರಲಿಲ್ಲ. ಕುಡಿಯಲು ಕ್ಯಾನ್ ತರಿಸಿಕೊಂಡೆವು. ಸಂಜೆ ಯಾಹ್ಯಾ ಬಾಗಿಲ ಹತ್ತಿರ ಕುಳಿತು ತನ್ನ ಕೆಲಸ ಮಾಡುತ್ತಿದ್ದ. ಅವನ ಕೆಲಸ ನಿನಗೆ ಗೊತ್ತಲ್ಲ, ಮನೆಯವರ ಚಪ್ಪಲಿ ಸಾಲಾಗಿ ಇಡುವುದು. ಒಂದು ಬೆರಳು ಸರಿದರೂ ಮತ್ತೆ ಮೊದಲಿನಿಂದ. ಮಗ್ರಿಬಿನ ಬಾಂಗ್ ಶುರುವಾಯಿತು. ಶಬ್ನಮ್ ಅಭ್ಯಾಸದಂತೆ ಟಿವಿ ಆರಿಸಿ, ಅವನನ್ನು ಹಿಡಿಯಲು ಎರಡೂ ಕೈ ಚಾಚಿ ಮಂಡಿಯೂರಿದಳು. ಅವನು ಕಿರುಚಲಿಲ್ಲ. ಕೈಯಲ್ಲಿ ನನ್ನ ಒಂದು ಚಪ್ಪಲಿ ಹಿಡಿದುಕೊಂಡೇ ಕತ್ತೆತ್ತಿದ. ಕಿಟಕಿಯ ಕಡೆ ನೋಡಿದ. ಕೊನೆಯವರೆಗೆ ಕೇಳಿದ ಶಾಹುಲ್, ಬಾಂಗ್ ಎಳೆದಲ್ಲೆಲ್ಲ ಅವನ ಮೈ ತೊಟ್ಟಿಲ ಹಾಗೆ ಹಿಂದೆ ಮುಂದೆ ಆಡುತ್ತಿತ್ತು. ಬಾಂಗ್ ಮುಗಿಯಿತು. ಆಗ ಮೇಲಿನ ಮನೆಯವರು ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನು ಬಕೆಟಿಗೆ ಸುರಿದರು ಎಂದು ಕಾಣುತ್ತದೆ, ದಬದಬ ಎಂದು ಸದ್ದು ಬಂತು, ಪೈಪಿನಲ್ಲಿ ಗಳಗಳ ಇಳಿಯಿತು. ಹುಡುಗ ಚಪ್ಪಲಿ ಬಿಸಾಡಿ ಕಿವಿ ಮುಚ್ಚಿ ಮೇಜಿನ ಕೆಳಗೆ ಹೋಗಿದ್ದ.

ನಾನು ನಿಂತಲ್ಲೇ ನಿಂತೆ. ಈ ಮನೆಯಲ್ಲಿ ಬಾಂಗ್ ಆದರೆ ಏನಾಗುತ್ತದೆ ಎಂದು ನೀನೇ ನೆನಪು ಮಾಡಿಕೋ. ಟಿವಿ ನಿಲ್ಲುತ್ತದೆ, ಮಾತು ನಿಲ್ಲುತ್ತದೆ, ಮರುಕ್ಷಣ ಬಚ್ಚಲಿನಲ್ಲಿ, ಅಡಿಗೆಮನೆಯಲ್ಲಿ, ಬಾಲ್ಕನಿಯಲ್ಲಿ ನಮಾಜಿಗೆ ಮುಖ ಕೈಕಾಲು ತೊಳೆದು ವುಳೂ ಮಾಡಲು ನಳ್ಳಿ ತಿರುಗುತ್ತದೆ. ನಮ್ಮ ಮನೆಯದು ಮಾತ್ರವಲ್ಲ, ಮೇಲಿನವರದು, ಕೆಳಗಿನವರದು, ಎಲ್ಲ ಒಟ್ಟಿಗೆ. ಬಾಕಿ ಹೊತ್ತು ಟಿವಿ, ಮಿಕ್ಸಿ, ರಸ್ತೆಯ ಬಸ್ಸು, ಆಂಬುಲೆನ್ಸ್, ಯಾವ ಸದ್ದಿನಲ್ಲಿ ನೀರಿನ ಸದ್ದು ಕೇಳಬೇಕು? ಬಾಂಗಿನ ಹೊತ್ತಿಗೆ ಎಲ್ಲ ಸುಮ್ಮನಾಗುತ್ತದೆ, ಬಕೆಟಿಗೆ ನೀರು ಬೀಳುವುದು ಮಾತ್ರ ಕೇಳುತ್ತದೆ. ಮಗು ಬಾಂಗಿಗೆ ಹೆದರಿದ್ದೇ ಅಲ್ಲ. ಅವನು ಬಾಂಗನ್ನು ಸರಿಯಾಗಿ ಕೇಳಿದ್ದೇ ಆವತ್ತು. ಸ್ನಾನಕ್ಕೆ ಅವನು ಒಪ್ಪುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ ಎಂದು ನಿನಗೂ ಗೊತ್ತು. ಸ್ನಾನಕ್ಕೆ ಹಟ ಮಾಡದ ಗಂಡುಮಗು ಯಾವ ಮನೆಯಲ್ಲಿದೆ ಎಂದು ನಾವೆಲ್ಲ ಅದನ್ನು ಬದಿಗಿಟ್ಟಿದ್ದೆವು.

ಮರುದಿನ ಮೆಲಿಸಾಳ ಹತ್ತಿರ ಹೋದೆ. ಅವನಿಗೆ ಮಾತು ಕಲಿಸುವ ಹುಡುಗಿ, ನಮ್ಮ ಗಲ್ಲಿಯ ತಿರುವಿನಲ್ಲೇ ಕ್ಲಿನಿಕ್. ಒಳ್ಳೆಯ ಹುಡುಗಿ, ಆದರೆ ನನಗೆ ಪಾಠ ಹೇಳುವ ಅಭ್ಯಾಸ ಜಾಸ್ತಿ. “ಆಂಟಿ, ಈ ಮಕ್ಕಳಿಗೆ ದಿನಾ ಅದೇ ಹೊತ್ತಿಗೆ ಅದೇ ಕೆಲಸ ಆಗ್ಬೇಕು, ಟೈಮ್‌ಟೇಬಲ್ ಮಾಡಿ” ಎಂದಳು. “ಮಗಾ, ನಮ್ಮಲ್ಲಿ ದಿನಕ್ಕೆ ಐದು ಹೊತ್ತಿನ ಟೈಮ್‌ಟೇಬಲ್ ನಿನ್ನ ಕ್ಲಿನಿಕ್‌ಗಿಂತ ಹಳೆಯದು ಉಂಟು” ಎಂದೆ. ನಕ್ಕಳು. ಆಮೇಲೆ ನಾನು ನೀರಿನ ವಿಷಯ ಹೇಳಿದಾಗ ನಗು ನಿಲ್ಲಿಸಿ, ಖಾಲಿ ಬಕೆಟ್, ಖಾಲಿ ಮಗ್ ಕೊಟ್ಟು ಅವನಷ್ಟಕ್ಕೆ ಆಡಲು ಬಿಡಿ, ನೀವು ಮಾತಾಡಬೇಡಿ, ಪಕ್ಕದಲ್ಲಿ ಇರಿ ಎಂದಳು.

ಹಾಗೇ ಮಾಡಿದೆವು. ಮುಂದಿನ ಕೋಣೆಯ ನಡುವೆ ಒಣ ಬಕೆಟ್ ಇಟ್ಟೆ. ಮೊದಲೆರಡು ದಿನ ಅವನು ಅದರ ಸುತ್ತ ದೂರದಿಂದಲೇ ಬಂದ. ಮೂರನೆಯ ದಿನ ಅಡಿಗೆಮನೆಗೆ ಹೋಗಿ ನನ್ನ ತೆಂಗಿನ ಚಿಪ್ಪಿನ ಸೌಟು ತಂದ. ಸೌಟಿನ ಗುಂಡು ತಲೆಯನ್ನು ಕೆಳಗೆ ಮಾಡಿ ಬಕೆಟಿನೊಳಗೆ ಒತ್ತಿದ. ಒತ್ತಿ ಹಿಡಿದೇ ಇದ್ದ. ತನ್ನ ಬಾಯಿ ಬಿಗಿಯಾಗಿ ಮುಚ್ಚಿ ಉಸಿರು ಕಟ್ಟಿದ್ದ, ಮುಖ ಕೆಂಪಾಗುವವರೆಗೆ. ಆಮೇಲೆ ಸೌಟನ್ನು ಎತ್ತಿ, ಬಾಯಿ ತೆರೆದು ಗಾಳಿ ಎಳೆದುಕೊಂಡು, ನನ್ನ ಮುಖ ನೋಡಿದ. ಯಾರ ಮುಖವನ್ನೂ ನೋಡದ ಮಗು ಶಾಹುಲ್, ನನಗೆ ಅರ್ಥವಾಯಿತೋ ಇಲ್ಲವೋ ಎಂದು ನೋಡಿದ. ಅರ್ಥವಾಗದಿರಲು ಏನಿತ್ತು? ಆ ಹಿಂದಿನ ಮನೆಯಲ್ಲಿ ಅತ್ತಾಗಲೆಲ್ಲ ಅವನ ತಲೆಯನ್ನು ಬಕೆಟಿನ ನೀರಿಗೆ ಅದ್ದಿ ಹಿಡಿದಿದ್ದಾರೆ. ಶಬ್ನಮ್ ಎದ್ದು ಒಳಗೆ ಹೋದಳು, ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ನಾನು ಅಳಲಿಲ್ಲ. ನಾನು ಅತ್ತರೆ ಅವನು ಇನ್ನೊಮ್ಮೆ ತೋರಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೌಟನ್ನು ಬಕೆಟಿನಿಂದ ತೆಗೆದೆ, ಮಡಿಲಲ್ಲಿ ಮಲಗಿಸಿದೆ, ಸೆರಗಿನ ತುದಿಯಿಂದ ಸೌಟಿನ ಮುಖ ಒರೆಸಿದೆ, “ಮುಗಿಯಿತು ಮೋನೇ, ಮುಗಿಯಿತು” ಎಂದೆ. ಅವನು ಬಂದು ಸೌಟಿನ ಪಕ್ಕದಲ್ಲಿ ತನ್ನ ತಲೆಯಿಟ್ಟ. ಅದನ್ನೂ ಒರೆಸಿದೆ.

ನಿನಗೂ ನಾನೇ ವುಳೂ ಕಲಿಸಿದವಳು, ಬೆತ್ತ ಪಕ್ಕದಲ್ಲಿಟ್ಟುಕೊಂಡು. ಆ ಬೆತ್ತ ಇವತ್ತಿಗೂ ಕಪಾಟಿನ ಮೇಲಿದೆ, ಅದಕ್ಕೆ ನಾನು ನಾಚುವವಳಲ್ಲ. ಆದರೆ ಈ ಮಗುವಿಗೆ ಬೆತ್ತ ಬೇಕಾಗಿಲ್ಲ. ಆ ಮೈ ಅದನ್ನೆಲ್ಲ ಮೊದಲೇ ಉಂಡು ಮುಗಿಸಿದೆ. ಹಾಗೆಂದು ನಮಾಜು ಬೇಡ, ಮಸೀದಿ ಬೇಡ, ಪಾಪ ಮೂಲೆಯಲ್ಲಿರಲಿ ಎಂದು ಬಿಡುವವಳೂ ನಾನಲ್ಲ. ಕರುಣೆಯೆಂದು ಹೇಳಿ ಮಗುವನ್ನು ದೀನಿನ, ನಮ್ಮ ಧರ್ಮದ, ಹೊರಗೆ ನಿಲ್ಲಿಸುವುದು ನನ್ನ ಮಟ್ಟಿಗೆ ಇನ್ನೊಂದು ಬಗೆಯ ಹೊಡೆತ. ಅವನಿಗೆ ಎಂಟು ವರ್ಷವಾಯಿತು, ಅವನೂ ಉಳಿದ ಮಕ್ಕಳಂತೆ ಸಾಲಿನಲ್ಲಿ ನಿಲ್ಲಬೇಕು. ಪಂಪ್ ಕೆಟ್ಟ ಆ ವಾರ ನಾನು ಕ್ಯಾನಿನ ನೀರನ್ನು ಅಳೆದು ಅಳೆದು ವುಳೂ ಮಾಡುವಾಗ ಹೊಳೆಯಿತು, ನೀರಿಲ್ಲದವರಿಗೆ, ನೀರು ಆಗದ ರೋಗಿಗಳಿಗೆ ನಮ್ಮಲ್ಲಿ ದಾರಿ ಇದೆಯಲ್ಲ, ತಯಮ್ಮುಮ್! ಶುದ್ಧವಾದ ಒಣ ಮಣ್ಣಿಗೆ ಅಂಗೈ ತಟ್ಟಿ ಮುಖ ಸವರುವುದು, ಮತ್ತೆ ತಟ್ಟಿ ಕೈ ಸವರುವುದು. ನೀರು ಬೇಡ, ಸದ್ದು ಬೇಡ.

ನಮ್ಮ ಮಸೀದಿಯ ಉಬೈದ್ ಉಸ್ತಾದರಿಗೆ ನಾನೇ ಫೋನ್ ಮಾಡಿದೆ. ವಯಸ್ಸಿನಲ್ಲಿ ನಿನಗಿಂತ ಚಿಕ್ಕವರು, ಆದರೂ ತಾಳ್ಮೆಯಿಂದ ಎಲ್ಲ ಕೇಳಿದರು. ಸೌಟಿನ ಸಂಗತಿಯನ್ನೂ ಹೇಳಿದೆ. ಆಮೇಲೆ ಹೇಳಿದರು, “ಉಮ್ಮಾ, ಇಷ್ಟು ಸಣ್ಣ ಮಗುವಿನ ಮೇಲೆ ಕಡ್ಡಾಯ ಅಂತ ಎಂತದೂ ಇಲ್ಲ, ಈಗ ಮಾಡುವುದೆಲ್ಲ ಅಭ್ಯಾಸಕ್ಕೆ. ನೀರಿಗೆ ಅಷ್ಟು ಹೆದರುವ ಮಗುವಿಗೆ ಅದು ಕಾಯಿಲೆಯೇ ಅಲ್ವಾ? ಮಣ್ಣಿನಿಂದಲೇ ಶುರು ಮಾಡ್ಲಿ. ನೀರಿಗೆ ನಿಧಾನಕ್ಕೆ ಬರ್ತಾನೆ, ಎಳೀಬೇಡಿ. ಮಸೀದಿಗೆ ಹಿಂಬದಿಯ ಗೇಟಿನಿಂದ ಬರ್ಲಿ, ಆ ಕಡೆ ಹೌಳ್ ಇಲ್ಲ. ಯಾರಾದರೂ ಎಂತಾದ್ರೂ ಹೇಳಿದರೆ ನನ್ನ ಹೆಸರು ಹೇಳಿ.” ಇದನ್ನು ಅಕ್ಷರ ಬಿಡದೆ ಬರೆದಿದ್ದೇನೆ, ನೀನು ಗ್ರೂಪಿಗೆ ಹಾಕಬೇಕಾದರೆ ಹಾಕು.

ನಿನಗೆ ನಗು ಬರುವ ಸಂಗತಿಯೊಂದಿದೆ. ತಯಮ್ಮುಮಿಗೆ ಮಣ್ಣು ಬೇಕಲ್ಲ, ಈ ಇಡೀ ಫಳ್ನೀರಿನಲ್ಲಿ ಒಂದು ಹಿಡಿ ಶುದ್ಧ ಮಣ್ಣು ಸಿಗಲಿಲ್ಲ! ಅಂಗಳಕ್ಕೆಲ್ಲ ಇಂಟರ್‌ಲಾಕ್, ರಸ್ತೆಗೆ ಕಾಂಕ್ರೀಟು, ಬಾಲ್ಕನಿಯ ಕುಂಡದಲ್ಲಿ ಗೊಬ್ಬರ. ರುಡೊಲ್ಫ್ ಕಟ್ಟಡದ ಹಿಂದೆ ತೋರಿಸಿದ ಜಾಗದಲ್ಲಿ ಬೆಕ್ಕುಗಳ ಸಂಸಾರ. ಕೊನೆಗೆ ಮಣ್ಣು ತಂದದ್ದು ಯಾರೆಂದುಕೊಂಡೆ? ನಿನ್ನ ಮೊಯ್ದೀನಬ್ಬ ಮಾಮ. ಸೌಟಿನ ಸಂಗತಿ ಶಬ್ನಮ್ ಅವರಿಗೆ ಹೇಳಿದಳಂತೆ. ಮೂರು ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಆಟೋದಿಂದ ಇಳಿದರು, ಕೈಯಲ್ಲಿ ಬಿರಿಯಾನಿಯ ದೊಡ್ಡ ಪಾರ್ಸೆಲ್ ಚೀಲ. ಅದರ ತುಂಬ ಮಣ್ಣು, ನಮ್ಮ ತವರಿನ ಹಳೆಯ ಮನೆಯ ಮಾಡಿನ ಅಡಿಯದು, ನೀರು ಬೀಳದ ಜಾಗದ್ದು. ನನ್ನ ಪತ್ತಿರ್ ರೊಟ್ಟಿಯ ಹಿಟ್ಟು ಸೋಸುವ ಜರಡಿಯನ್ನೇ ತೆಗೆದುಕೊಂಡು ಬಾಲ್ಕನಿಯಲ್ಲಿ ಕುಳಿತು ಸೋಸಿದರು. “ಹಿಟ್ಟಿನ ಜರಡಿ ಹಾಳು ಮಾಡ್ತಿದ್ದೀರಿ” ಎಂದು ಗದರಿದೆ. “ನಿನ್ನ ಪತ್ತಿರ್ ತಿಂದರೆ ಮೊದಲೇ ಹಲ್ಲಿಗೆ ಮಣ್ಣು ಸಿಗ್ತದೆ, ವ್ಯತ್ಯಾಸ ಗೊತ್ತಾಗ್ಲಿಕ್ಕಿಲ್ಲ” ಎಂದರು. ಹುಡುಗನ ಕೈಯಿಂದ ನೂಲನ್ನು ಬಿಚ್ಚಿದವರು ಅವರೇ.

ಸೋಸಿದ ಮಣ್ಣನ್ನು ಅಗಲವಾದ ಸ್ಟೀಲ್ ತಟ್ಟೆಗೆ ಹಾಕಿಟ್ಟೆ. ಮಧ್ಯಾಹ್ನ ಕಳೆದು ಅಸರಿನ ಬಾಂಗ್ ಆಯಿತು. ಮನೆಯಲ್ಲಿ ಈಗ ನಮ್ಮೆಲ್ಲರ ವುಳೂ ಬಾಂಗಿಗೆ ಮೊದಲೇ ಆಗುತ್ತದೆ, ನಳ್ಳಿ ಸಣ್ಣಗೆ ಬಿಟ್ಟು, ಟಿವಿಯ ದನಿ ಇರುವಾಗಲೇ. ಇದು ನನ್ನ ಅಪ್ಪಣೆ. ಮೇಲಿನವರಿಗೂ ಪಕ್ಕದವರಿಗೂ ಹೋಗಿ ಹೇಳಿದೆ, ಮರ್ಯಾದೆಯಿಂದ ಒಪ್ಪಿದರು. ನಾನು ಬಿಸ್ಮಿ ಹೇಳಿ ಅಂಗೈ ತಟ್ಟಿ ತೋರಿಸಿದೆ. ಅವನು ಬಹಳ ಹೊತ್ತು ಮಣ್ಣನ್ನು ನೋಡಿದ. ಬೆರಳು ಇಟ್ಟ, ತೆಗೆದ. ಆಮೇಲೆ ಎರಡೂ ಅಂಗೈ ಒಟ್ಟಿಗೆ, ಮೆತ್ತಗೆ, ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ. ಮುಖ ಸವರಿಕೊಂಡ. ಮೂಗಿನ ಮೇಲೆ ಧೂಳು ನಿಂತಿತು. ಮತ್ತೆ ತಟ್ಟಿ ಎಡಗೈ, ಬಲಗೈ ಸವರಿದ, ಬಲ ಮೊದಲು ಆಗಬೇಕಿತ್ತು, ಇರಲಿ. ನಮಾಜಿಗೆ ಹಾಸಿದ ನನ್ನ ಮುಸಲ್ಲದ ಪಕ್ಕದಲ್ಲಿ ಬಂದು ನಿಂತ. ಬಗ್ಗುವುದಿಲ್ಲ, ಬರೇ ನಿಲ್ಲುತ್ತಾನೆ. ಸುಜೂದಿಗೆ ನಾನು ಹಣೆಯಿಟ್ಟಾಗ ಅವನು ಕೆನ್ನೆಯಿಟ್ಟು ಪೂರಾ ಮಲಗಿಬಿಟ್ಟ, ನನ್ನ ಕಡೆ ಮುಖ ಮಾಡಿ. ಆವತ್ತು ನನಗೆ ಆ ಸುಜೂದಿನಿಂದ ಏಳಲು ಸ್ವಲ್ಪ ತಡವಾಯಿತು.

ಈಗ ಹಾಸ್ಟೆಲಿನ ಮಾತು. ನಾನು ನೋಡದೆ ಬೇಡ ಎನ್ನುವವಳಲ್ಲ, ಶಬ್ನಮಳನ್ನು ಕರೆದುಕೊಂಡು ಆಟೋದಲ್ಲಿ ಹೋಗಿ ನೋಡಿ ಬಂದೆ. ಚೊಕ್ಕವಾಗಿದೆ. ಅಲ್ಲಿಯವರು ಒಳ್ಳೆಯವರು, ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ. ಸ್ನಾನದ ಜಾಗ ತೋರಿಸಿ ಎಂದೆ. ಸಾಲು ನಳ್ಳಿ, ಸಾಲು ಬಕೆಟ್, ಬೆಳಿಗ್ಗೆ ಎಲ್ಲ ಮಕ್ಕಳಿಗೂ ಒಟ್ಟಿಗೆ. ಅವರ ತಪ್ಪಲ್ಲ, ಅಷ್ಟು ಮಕ್ಕಳಿಗೆ ಬೇರೆ ಹೇಗೆ ಸ್ನಾನ ಮಾಡಿಸುವುದು? ಶಬ್ನಮ್ ನನ್ನ ಕೈ ಹಿಡಿದಳು. ಮನೆಗೆ ಹಿಂದೆ ಬಂದು ನಾನೇ ಅವಳಿಗೆ ಹೇಳಿದೆ, ನೀನು ಹೋಗು, ಗಂಡನ ಹತ್ತಿರ ಇರುವುದು ನಿನ್ನ ಹಕ್ಕು, ಹುಡುಗನನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಮನಸ್ಸಿಟ್ಟೇ ಹೇಳಿದೆ. ಅವಳಿಗೆ ನಿನ್ನ ಆಸೆ ಇಲ್ಲವೆಂದುಕೊಳ್ಳಬೇಡ, ನಿನ್ನ ಫೋನ್ ಬರುವ ಹೊತ್ತಿಗೆ ಅವಳು ತಲೆ ಬಾಚಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆದರೂ ಅವಳು ಹೇಳಿದ್ದು, “ನಾನು ಹೋದರೆ ಅವನು ನನ್ನ ಚಪ್ಪಲಿಯ ಜಾಗ ಖಾಲಿ ಇಟ್ಟು ಕಾಯ್ತಾನೆ ಮಾಮಿ. ಒಬ್ಬರದು ಖಾಲಿ ಇದ್ದದ್ದೇ ಸಾಕು.” ಪಾಸ್‌ಪೋರ್ಟನ್ನು ತಂದು ನನ್ನ ಕೈಗೆ ಕೊಟ್ಟಳು. ಅದು ಈಗ ನನ್ನ ಕಪಾಟಿನಲ್ಲಿದೆ. ನಾನು ಬಲವಂತ ಮಾಡಿದೆ ಎಂದು ಯಾರಾದರೂ ಹೇಳಿದರೆ ಅವಳಿಗೇ ಫೋನ್ ಮಾಡಿ ಕೇಳು. ಹಾಸ್ಟೆಲಿಗೆ ನಾನೇ ಫೋನ್ ಮಾಡಿ, ಸೀಟು ಬೇರೆ ಮಗುವಿಗೆ ಕೊಡಿ ಎಂದು ಹೇಳಿ ಆಯಿತು.

ನೆಂಟರ ಮಾತಿಗೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ನಿನ್ನ ಚಿಕ್ಕಮ್ಮ ಝಹ್ರಾ ಮೊನ್ನೆ ಬಂದು, “ನಾಳೆ ಹುಡುಗ ದೊಡ್ಡವನಾದರೆ ಶಬ್ನಮ್ ಅವನ ಎದುರು ತಲೆಗೆ ಬಟ್ಟೆ ಹಾಕ್ಬೇಕಾಗ್ತದೆ, ಹೆತ್ತ ಮಗ ಅಲ್ಲವಲ್ಲ” ಎಂದಳು. “ಹಾಕ್ತಾಳೆ. ತಲೆಗೆ ಬಟ್ಟೆ ಹಾಕಿಕೊಂಡು ಅನ್ನ ಬಡಿಸಲಿಕ್ಕೆ ಆಗುವುದಿಲ್ಲ ಅಂತ ಎಲ್ಲಿ ಉಂಟು?” ಎಂದು ಕೇಳಿದೆ. ಚಹಾ ಪೂರ್ತಿ ಕುಡಿಯದೆ ಎದ್ದಳು. ಅವನ ಹೆಸರಿನ ಹಿಂದೆ ಅವನ ಬಾಪನ ಹೆಸರೇ ಇರಲಿ, ಅದು ನಮ್ಮ ದೀನಿನ ಕಾನೂನು, ಒಳ್ಳೆಯ ಕಾನೂನು. ಹೆಸರು ಕಸಿದುಕೊಳ್ಳದೆಯೂ ಮಗುವನ್ನು ಸಾಕಬಹುದು. “ನಿಮಗೆ ವಯಸ್ಸಾಯ್ತು ಉಮ್ಮಾ, ನಾಳೆ ಯಾರು?” ಎಂದು ನೀನು ಕೇಳಿದ್ದೆ. ನಾಳೆಗೆ ನೀನು, ನಿನ್ನ ಹೆಂಡತಿ. ಇವತ್ತಿಗೆ ನಾನು. ನನ್ನ ಕಾಲು ಊದಿದೆ, ಬಿದ್ದಿಲ್ಲ.

ಅಲ್ಲಾಹು ನಿನ್ನ ಸೊಂಟಕ್ಕೆ ಬಲ, ಕೆಲಸಕ್ಕೆ ಬರಕತ್, ಮನಸ್ಸಿಗೆ ಮೊದಲಿದ್ದ ಆ ಅಗಲ ಕೊಡಲಿ. ಶಬ್ನಮಳ ಸಲಾಂ, ಮೊಯ್ದೀನಬ್ಬ ಮಾಮನ ಸಲಾಂ. ಯಾಹ್ಯಾನಿಗೆ ಸಲಾಂ ಹೇಳಲು ಇನ್ನೂ ಬರುವುದಿಲ್ಲ, ಈ ಕಾಗದದ ಮೂಲೆಯಲ್ಲಿ ಅವನ ಬೆರಳಿನ ಮಣ್ಣಿನ ಗುರುತು ಬಿದ್ದಿದೆ, ಒರೆಸದೆ ಬಿಟ್ಟಿದ್ದೇನೆ.

ಇತಿ ನಿನ್ನ ಉಮ್ಮ,
ಸುಹರಾ

ಮರೆಯುವ ಮೊದಲು: ತಮೀಮ್ ಕೆಳಗೆ ಬೈಕಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಕಳೆದ ರಜೆಯಲ್ಲಿ ಬಿಟ್ಟುಹೋದ ಕಂದು ಚರ್ಮದ ಚಪ್ಪಲಿಯನ್ನು ನಾನು ಕಟ್ಟಿ ಮಂಚದಡಿ ಇಟ್ಟಿದ್ದೆ. ಯಾಹ್ಯಾ ಹುಡುಕಿ ತೆಗೆದಿದ್ದಾನೆ. ಎರಡು ಶುಕ್ರವಾರವಾಯಿತು, ಜುಮಾದ ಬಾಂಗ್ ಆದ ಕೂಡಲೇ ಮಣ್ಣಿನ ತಟ್ಟೆಗೆ ಕೈ ತಟ್ಟಿ ಮುಖ ಸವರಿ, ಟೊಪ್ಪಿ ಹಾಕಿ, ನಿನ್ನ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಡುತ್ತಾನೆ. ಪಕ್ಕದಲ್ಲಿ ತನ್ನದು. ಅಲ್ಲೇ ಕುಳಿತಿರುತ್ತಾನೆ. ಜುಮಾ ಮುಗಿಸಿ ಜನ ಮೆಟ್ಟಿಲು ಹತ್ತುವ ಸದ್ದು ಕೇಳಿದ ಮೇಲೆ ಎರಡು ಜೊತೆಯನ್ನೂ ಒಳಗೆ ತಂದಿಡುತ್ತಾನೆ. ಅಳುವುದಿಲ್ಲ. ಅಣ್ಣನಿಗೆ ಮಂಡಿ ನೋವು, ಮಸೀದಿಯಲ್ಲಿ ಹಿಂದೆ ಕುರ್ಚಿಯಲ್ಲಿ ಕೂರುವವರು, ಇವನು ಎದ್ದು ಓಡಿದರೆ ಹಿಡಿಯಲಾರರು. ನಾನೂ ಶಬ್ನಮಳೂ ಗೇಟಿನವರೆಗೆ ಕರೆದುಕೊಂಡು ಹೋಗಬಹುದು, ಅಲ್ಲಿಂದ ಒಳಗೆ ಗಂಡಸರ ಸಾಲು. ಬಾಕಿ ಎಲ್ಲವನ್ನೂ ನಿನ್ನ ಉಮ್ಮ ಮಾಡಿದ್ದಾಳೆ, ಮಾಡುತ್ತಾಳೆ. ಈ ಒಂದು ನನ್ನಿಂದ ಆಗುವುದಿಲ್ಲ. ಆ ಚಪ್ಪಲಿ ಈ ಮನೆಯಲ್ಲಿ ಯಾರ ಕಾಲಿಗೂ ಆಗುವುದಿಲ್ಲ. ಬಕ್ರೀದಿನ ನಮಾಜಿಗೆ ನೀನು ಇಲ್ಲಿರಬೇಕು. ಹಿಂಬದಿಯ ಗೇಟು, ನೆನಪಿಟ್ಟುಕೋ.